ಹಗೇವಿನ ಮೇಲೆ ಹೂಡಿದ ಒಲೆ

ಮನೆ ಜಾಗಗಳ ನಕ್ಷೆಗೆ ಸಹಿ ಹಾಕುವ ಅಧಿಕಾರಿಗಳಿಗೆ,

ಮಾನ್ಯರೇ, ತಮ್ಮ ಒಂದು ಸಹಿಯಿಂದಾಗಿ ನನ್ನ ತಂಗಿ ತಾಯವ್ವ ಟೊಳ್ಳು ನೆಲದ ಮೇಲೆ ಸಂಸಾರ ಹೂಡಿದ್ದಾಳೆ. ನವಲಗುಂದ ತಾಲೂಕಿನ ನಮ್ಮೂರಿನ ಬಡವರ ಬಡಾವಣೆಯಲ್ಲಿ ಒಂದು ಮನೆಗೆ ಕನಿಷ್ಠ ಮೂವತ್ತು-ನಲವತ್ತು ಅಡಿ ಜಾಗ ಇರಬೇಕೆಂಬ ನಿಯಮವಿತ್ತು. ಹೋದ ವರ್ಷ, ಅಂದರೆ ೧೯೮೭ರಲ್ಲಿ, ತಾವು ಅದನ್ನು ಇಪ್ಪತ್ತು-ಮೂವತ್ತಕ್ಕೆ ಇಳಿಸಿದಿರಿ. ನಲವತ್ತು ಮನೆಗಳ ಜಾಗದಲ್ಲಿ ಎಂಬತ್ತು ಮನೆ! ಸಣ್ಣ ಮನೆಯ ಬಗ್ಗೆ ನಮಗೆ ತಕರಾರಿಲ್ಲ. ಇನ್ನೂ ನಲವತ್ತು ಕುಟುಂಬಗಳಿಗೆ ಸೂರು ಸಿಕ್ಕಿದ್ದು ನಮಗೂ ಸಂತೋಷವೇ. ಆದರೆ ಗೆರೆ ಎಳೆಯುವ ಮುನ್ನ ಆ ನೆಲದ ಕೆಳಗೆ ಏನಿದೆ ಎಂದು ತಮ್ಮ ಕಚೇರಿಯಲ್ಲಿ ಒಬ್ಬರಾದರೂ ಕೇಳಿದರೇ?

ಅದು ಊರಿನ ಹಗೇವಿನ ಬಯಲು. ತಾವು ಹಗೇವು ನೋಡಿರಲಿಕ್ಕಿಲ್ಲ. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗಿನ ಹೊಟ್ಟೆ ಒಂದು ಕೋಣೆಯಷ್ಟು. ನನ್ನ ತಂದೆ ಸಣ್ಣಪ್ಪ ಮೂವತ್ತು ವರ್ಷ ಊರವರ ಹಗೇವಿಗೆ ಇಳಿದು ಜೋಳ ತೆಗೆದುಕೊಟ್ಟವರು. ಬಾಯಿ ತೆರೆದು ಒಂದು ದಿನ ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಒಳಗೆ ಇಳಿಬಿಡುತ್ತಿದ್ದರು. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ, ಇಳಿದವನು ಮೇಲೆ ಬರುವುದಿಲ್ಲ. ಕಾಲ ಬದಲಾಯಿತು, ಹಗೇವು ತುಂಬುವುದು ನಿಂತಿತು. ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೊಂದು ಗುರುತಿನ ಕಲ್ಲು ನೆಟ್ಟರು. ಒಳಗೆ ಮಣ್ಣು ತುಂಬುವ ಗೋಜಿಗೆ ಯಾರೂ ಹೋಗಲಿಲ್ಲ.

ಮೊದಲಿನ ನಕ್ಷೆಗೆ ಅಳತೆ ಮಾಡಿದ ಸರ್ವೇಯರರು ತಂದೆಯನ್ನು ಕರೆದುಕೊಂಡು ಬಯಲೆಲ್ಲ ತಿರುಗಿದ್ದರು. ಹನ್ನೊಂದು ಹಗೇವುಗಳೂ ಹಿತ್ತಲಿಗೆ ಬರುವಂತೆ ಗೆರೆ ಎಳೆದಿದ್ದರು. ಹೊಸ ನಕ್ಷೆ ಹುಟ್ಟಿದ್ದು ತಮ್ಮ ಫ್ಯಾನಿನ ಕೆಳಗೆ, ಮೇಜಿನ ಮೇಲೆ. ಇಪ್ಪತ್ತು-ಮೂವತ್ತರಲ್ಲಿ ಹಿತ್ತಲು ಎಲ್ಲಿಂದ ಬರಬೇಕು? ಹಿತ್ತಲಿದ್ದಲ್ಲಿ ಈಗ ಇನ್ನೊಬ್ಬರ ಅಡುಗೆಮನೆ ಇದೆ.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ. ಹಗೇವು ಇದ್ದ ಜಾಗ ರದ್ದಾಗುತ್ತದಂತೆ ಎಂದು ಸುದ್ದಿ ಹಬ್ಬಿತು. ಹೊಸ ಗೂಟ ಹೊಡೆಯಲು ತಮ್ಮವರು ಬರುವ ಹಿಂದಿನ ದಿನ ನಾವೇ ಸೇರಿ ಗುರುತಿನ ಕಲ್ಲುಗಳನ್ನೆಲ್ಲ ಕಿತ್ತೆವು. ತಂದೆ ಬೇಡವೆಂದು ಬಡಕೊಂಡರು. "ಸುಮ್ಮನ ಇರ ಯಪ್ಪಾ, ಕೈಗೆ ಬಂದ ಜಾಗಾ ಕಳೀಬ್ಯಾಡ" ಎಂದು ಗದರಿದವನು ನಾನೇ. ಆ ಕಲ್ಲುಗಳ ಮೇಲೆ ಇಂದು ನಮ್ಮ ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಾರೆ. ನೋಡಿದಾಗಲೆಲ್ಲ ನಾಚಿಕೆಯಾಗುತ್ತದೆ, ಹೆದರಿಕೆಯೂ ಆಗುತ್ತದೆ.

ಮೊನ್ನೆ ತಾಯವ್ವ ಓಡಿಬಂದು, "ಅಣ್ಣಾ, ಖಾರಾ ಕುಟ್ಟೂ ಮುಂದ ನೆಲಾ ಬ್ಯಾರೇನ ಸಪ್ಪಳಾ ಮಾಡತೈತಿ. ಒಲಿ ಹಿಂದ ಕುಸದೈತಿ" ಎಂದಳು. ಹೋಗಿ ನೋಡಿದರೆ ಅಂಗೈಯಗಲದ ತೂತು. ತಂದೆ ಸಣ್ಣ ಚಿಮಣಿ ದೀಪಕ್ಕೆ ದಾರ ಕಟ್ಟಿ ಇಳಿಬಿಟ್ಟರು. ಎರಡು ಮೊಳ ಇಳಿಯುವಷ್ಟರಲ್ಲಿ ದೀಪ ಆರಿತು.

"ಕೂಸಿನ್ನ ಹೊರಗ ತಗೀಬೇ, ತಾಯವ್ವಾ" ಎಂದರು.

ತಮ್ಮ ಕಚೇರಿಗೆ ಬಂದೆ. ಗುಮಾಸ್ತರು ನಕ್ಷೆ ಬಿಚ್ಚಿ, "ಇದರಾಗ ಹಗೇವು ಎಲ್ಲೈತ್ರಿ? ತೋರಸ್ರಿ" ಎಂದರು. ತೋರಿಸಲು ಕಲ್ಲನ್ನು ಎಲ್ಲಿಂದ ತರಲಿ? ಸ್ವಲ್ಪ ದಿನ ಮನೆ ಬಿಟ್ಟಿರಬಹುದೇ ಎಂದು ಕೇಳಿದೆ. "ಕೀಲಿ ಹಾಕಿದ್ರ ಹಕ್ಕುಪತ್ರ ರದ್ದಾಗತೈತ್ರಿ" ಎಂದರು. ಎಂಥ ಕಾಳಜಿ, ಮಾನ್ಯರೇ! ಒಳಗಿದ್ದರೆ ಜೀವ ಹೋದೀತು, ಹೊರಗಿದ್ದರೆ ಮನೆ ಹೋಗುತ್ತದೆ. ಹೀಗಾಗಿ ಕೂಸನ್ನು ನನ್ನ ಮನೆಯಲ್ಲಿ ಮಲಗಿಸಿ, ಗಂಡಹೆಂಡತಿ ಸರದಿಯಂತೆ ಆ ಮನೆಯ ಹೊಸ್ತಿಲಲ್ಲಿ ಕುಳಿತು ತಮ್ಮ ನಿಯಮ ಪಾಲಿಸುತ್ತಿದ್ದಾರೆ.

ಮುಂಗಾರಿಗೆ ಇನ್ನು ಮೂರು ವಾರವೂ ಉಳಿದಿಲ್ಲ. ಎರೆಮಣ್ಣು ನೀರು ಕುಡಿದರೆ ಏನಾಗುತ್ತದೆಂದು ಈ ಭಾಗದವರಿಗೆ ಹೇಳಬೇಕಿಲ್ಲ. ಮಳೆಗೆ ಮುಂಚೆ ಹಗೇವುಗಳನ್ನು ತೆರೆಸಿ ಮಣ್ಣು ತುಂಬಿಸಿ. ಅಲ್ಲಿಯತನಕ ಮನೆ ಬಿಟ್ಟವರ ಹಕ್ಕುಪತ್ರ ಮುಟ್ಟುವುದಿಲ್ಲವೆಂದು ಬರೆದುಕೊಡಿ. ಇಷ್ಟೇ ನಮ್ಮ ಬೇಡಿಕೆ.

ತಡ ಮಾಡಬೇಡಿ. ತಂದೆಗೆ ಎಪ್ಪತ್ತಾರು, ಕಣ್ಣು ಮಂಜಾಗಿದೆ. ಕೋಲು ಹಿಡಿದು ಮನೆಮನೆಯ ನೆಲ ಬಡಿದು ಒಂಬತ್ತು ಹಗೇವು ಗುರುತಿಸಿದ್ದಾರೆ. ಇನ್ನೆರಡು ಯಾರ ಮನೆಯ ಕೆಳಗಿವೆಯೋ, ತಂದೆಗೆ ನೆನಪಾಗುತ್ತಿಲ್ಲ. ಕೂಸು ಮಲಗಿರುವ ನನ್ನ ಮನೆಯೂ ಅದೇ ಬಯಲಿನಲ್ಲಿದೆ.

ಇಂತಿ,
ಗುರುತಿನ ಕಲ್ಲು ಕಿತ್ತವರಲ್ಲಿ ಒಬ್ಬ,
ಹೊಳಬಸಪ್ಪ