ಸ್ಟೀರಿಂಗ್ ನಡುಕದ ಮೂಲ ಸಿಕ್ಕಿತು

ಅಣ್ಣಾ,

ಎದ್ದ ಕೂಡಲೇ ಇದನ್ನು ಓದು. ಕಾರು ಕೊಳ್ಳಲು ಮಧ್ಯಾಹ್ನ ಬರುವವರಿಗೆ ಇವತ್ತು ಬರಬೇಡಿ ಅಂತ ಹೇಳು. ಬಾಡಿಗೆ ಓಡಿಸುವುದು ಬಿಟ್ಟು ಗೋದಾಮಿನ ಕೆಲಸಕ್ಕೆ ಸೇರುವ ಮಾತೂ ಬೇಡ. ಸ್ಟೀರಿಂಗ್ ಯಾಕೆ ನಡುಗುತ್ತೆ ಅಂತ ನನಗೆ ಗೊತ್ತಾಯಿತು!

ಮೆಕ್ಯಾನಿಕ್ ಮೂರು ಸಲ ಚಕ್ರ ಪರೀಕ್ಷೆ ಮಾಡಿ, "ನಡುಗೋದು ಸ್ಟೀರಿಂಗ್ ಅಲ್ಲ, ನಿಮ್ಮ ಕೈ" ಅಂತ ನಕ್ಕನಲ್ಲ? ಅವನಿಗೆ ಹೇಗೆ ಸಿಗಬೇಕು? ಕೊಳಕು ಗಾಡಿ ಒಯ್ದರೆ ಮರ್ಯಾದೆ ಹೋಗುತ್ತೆ ಅಂತ ನೀನು ಪ್ರತಿ ಸಲ ಚಕ್ರದ ಒಳಗೂ ಹೊರಗೂ ತೊಳೆದೇ ಹೋಗುತ್ತೀಯ. ಅಲ್ಲಿಂದ ಬಂದ ದಿನ ಚೆನ್ನಾಗೇ ಓಡುತ್ತೆ. ಮರುದಿನ ಪೈಪ್ ಹಾಕಲು ಅಗೆದ ಹಿಂದಿನ ಬೀದಿಯ ಕೆಸರಲ್ಲಿ ಬರುತ್ತೀಯ, ಮತ್ತೆ ಶುರು. ಕಿಟಕಿಯಿಂದ ನೋಡಿ ನೋಡಿ ಅನುಮಾನ ಬಂದಿತ್ತು. ಹೇಳಲು ಬಾಯಿ ಬರಲಿಲ್ಲ.

ಬೆಳಿಗ್ಗೆ ಟಾರ್ಚ್ ಹಿಡಿದು ಕಾರಿನ ಕೆಳಗೆ ತೂರಿದೆ. ಮುಂದಿನ ಬಲಚಕ್ರದ ಒಳಮೈಗೆ ಒಂದೇ ಕಡೆ ಅಂಗೈಯಗಲ ಮಣ್ಣು ಒಣಗಿ ಕಲ್ಲಾಗಿತ್ತು. ಚಕ್ರ ಒಂದು ಪಕ್ಕ ಭಾರವಾದರೆ ನಡುಗದೆ ಇರುತ್ತಾ? ಸೌಟಿನ ಹಿಡಿಯಿಂದ ಕೆರೆದು ತೆಗೆದಿದ್ದೇನೆ. ಹೆಂಟೆ ಮೆಟ್ಟಿಲ ಮೇಲಿದೆ, ನೋಡು. ಸೌಟಿನ ವಿಷಯ ಅಮ್ಮನಿಗೆ ಹೇಳಬೇಡ.

ದೊಡ್ಡ ರಸ್ತೆಗೆ ಹೋಗಿ ಎಂಬತ್ತರಲ್ಲಿ ಓಡಿಸು. ಹಿಂದಿನ ಬೀದಿಗೆ ಮಾತ್ರ ಇಳಿಯಬೇಡ, ನಿನ್ನ ಕಾಲು ಹಿಡೀತೀನಿ. ನಡುಕ ನಿಂತಿದ್ದರೆ ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಗೆ ಫೋನ್ ಮಾಡು. ಎಲ್ಲರ ಎದುರು ಮಾತಾಡಲು ನನಗೆ ನಾಚಿಕೆ, ಆದರೂ ಇವತ್ತು ನಾನೇ ಎತ್ತುತ್ತೇನೆ.

ತಂಗಿ