ಅಂಗಳದ ಜೋಕಾಲಿ

ಧನಕವಡಿ, ಪುಣೆ
೧೯ ಸೆಪ್ಟೆಂಬರ್ ೧೯೮೨, ಭಾನುವಾರ

ಚಿ. ಸೌ. ಶಾಮಲಾಗೆ,

ಆಶೀರ್ವಾದಗಳು. ಹೀಗೆ ಶುರು ಮಾಡಿದರೆ "ಏನ್ರೀ, ನಿಮ್ಮ ಅಜ್ಜನಂಗ ಬರಿತೀರಿ" ಎಂದು ನಗುತ್ತೀಯೆಂದು ಗೊತ್ತು. ನಗು. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತದ್ದಕ್ಕೆ ಸಿಟ್ಟಾಗಬೇಡ. ಬಾಗಲಕೋಟೆಯ ಬಿಸಿಲು, ಹೊಸ ಮ್ಯಾನೇಜರರ ಕಿರಿಕಿರಿ, ನಿನ್ನ ಬಾಡಿಗೆ ಕೋಣೆಯ ನೀರಿನ ತಾಪತ್ರಯ ಎಲ್ಲವನ್ನೂ ಓದಿದೆ. ಗಣಪತಿ ಹಬ್ಬಕ್ಕೆ ಬ್ಯಾಂಕಿನವರು ರಜೆ ಕೊಡಲಿಲ್ಲವೆಂದು ಬರೆದಿದ್ದೆ. ಇರಲಿ. ಮೇಲಿನ ಮನೆಯ ನಮ್ಮ ಮಾಲಕಿ ಗೌರಾಬಾಯಿ ಮೋದಕ ಕೊಟ್ಟರು. ನಿನ್ನ ಪಾಲಿನದನ್ನೂ ಸೇರಿಸಿಯೇ ಕೊಟ್ಟಿದ್ದರು, ಎರಡು ದಿನ ತಿಂದೆ.

ತಡವಾದದ್ದಕ್ಕೆ ಕಾರಣ ಕೇಳಿದರೆ ನಂಬಲಿಕ್ಕಿಲ್ಲ. ನಾನು ವೆಲ್ಡಿಂಗ್ ಕಲಿಯುತ್ತಿದ್ದೇನೆ.

ಮಳೆಗಾಲದ ಮೊದಲ ವಾರ ಅಂಗಳದ ಗೇಟಿನ ಚಿಲಕ ಮುರಿಯಿತು. ಅದನ್ನು ಹಿಡಿದುಕೊಂಡು ಕಾತ್ರಜದ ರಸ್ತೆಯಲ್ಲಿ ಕಿಟಕಿಯ ಗ್ರಿಲ್ ಮಾಡುವ ಸಿದ್ದಲಿಂಗಪ್ಪನ ಅಂಗಡಿಗೆ ಹೋದೆ. ಗದಗಿನ ಕಡೆಯವನು, ನಮ್ಮ ಮಾತು ಕಿವಿಗೆ ಬಿದ್ದರೆ ಸಾಕು, ಚಹಾ ಕುಡಿಸದೆ ಕಳಿಸುವುದಿಲ್ಲ. ಎರಡು ತುಂಡು ಕಬ್ಬಿಣ ಕಣ್ಣೆದುರೇ ಒಂದಾಗುವುದನ್ನು ನೋಡುತ್ತ ಅಲ್ಲಿಯೇ ನಿಂತುಬಿಟ್ಟೆ. ಮರುದಿನವೂ ಆಫೀಸಿನಿಂದ ನೇರವಾಗಿ ಅಲ್ಲಿಗೇ ಹೋದೆ. ಮನೆಗೆ ಬೇಗ ಬಂದು ಮಾಡುವುದಾದರೂ ಏನಿತ್ತು?

"ಸಾಹೇಬ್ರ, ದಿನಾ ನಿಂತು ನೋಡತೀರಿ. ಒಂದು ಸಲ ಕೈಯಾಗ ಹಿಡೀರಲ್ಲ," ಎಂದ ಒಂದು ಸಂಜೆ. ಹಿಡಿದೆ. ಬೆಸುಗೆಯ ರಾಡು ಕಬ್ಬಿಣಕ್ಕೆ ಅಂಟಿಕೊಂಡು ಕೂತಿತು, ಎಳೆದರೂ ಬರಲಿಲ್ಲ. ಅಂಗಡಿಯವರೆಲ್ಲ ನಕ್ಕರು, ನಾನೂ ನಕ್ಕೆ. ಬಹಳ ದಿನದ ಮೇಲೆ ನನ್ನ ನಗುವಿನ ಸದ್ದು ನನಗೇ ಕೇಳಿಸಿತು.

ಅವನ ಹಳೆಯ ಸಣ್ಣ ಮಷಿನ್ ಮೂಲೆಯಲ್ಲಿ ಬಿದ್ದಿತ್ತು. ಅಗ್ಗಕ್ಕೆ ಕೊಟ್ಟ. ಉಳಿದದ್ದನ್ನೆಲ್ಲ ಮನೆಯಲ್ಲೇ ಹೊಂದಿಸಿಕೊಂಡೆ. ಮುಖಕ್ಕೆ ಹಿಡಿಯುವ ಕವಚವನ್ನು ಪ್ಲೈವುಡ್ಡಿನಲ್ಲಿ ಕೊಯ್ದು, ನಡುವೆ ಕಪ್ಪು ಗಾಜು ಕೂರಿಸಿದೆ. ಕಬ್ಬಿಣವನ್ನು ಜುನಾ ಬಾಜಾರದ ಗುಜರಿಯಿಂದ ತಂದೆ: ಮುರಿದ ಮಂಚದ ಕಾಲು, ಯಾರದೋ ಕಿಟಕಿಯ ಸರಳು, ತುಕ್ಕು ಹಿಡಿದ ಪೈಪು. ಮಳೆಗೆ ರಾಡುಗಳು ತೇವ ಹಿಡಿದರೆ ತವೆಯ ಮೇಲೆ ಬೆಚ್ಚಗೆ ಮಾಡಿಕೊಳ್ಳುತ್ತೇನೆ. ಹೆದರಬೇಡ, ನಿನ್ನ ತವೆಯಲ್ಲ. ಅದು ನೀನು ಇಟ್ಟ ಗೂಟದಲ್ಲೇ ಇದೆ.

ಮೊದಲು ಒಂದು ಸ್ಟೂಲ್ ಮಾಡಿದೆ. ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ. ಆಮೇಲೆ ಕೊಡ ಇಡುವ ಸ್ಟ್ಯಾಂಡು, ಅದು ಪರವಾಗಿಲ್ಲ. ನಾನು ಕಿಡಿ ಹಾರಿಸಿದಾಗಲೆಲ್ಲ ಮೇಲಿನ ಮನೆಯ ದೀಪ ಮಂಕಾಗುತ್ತದೆ. ಗೌರಾಬಾಯಿ ಸೊಲ್ಲಾಪುರದವರಲ್ಲವೇ, ಸಿಟ್ಟು ಬಂದರೆ ಮರಾಠಿಯಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಾರೆ. "ಅಹೋ ಪ್ರಲ್ಹಾದರಾವ್, ಕಾಯ್ ಚಾಲ್ಲಂಯ? ಏನ್ ನಡಸೀರಿ? ಮಿಕ್ಸರ್ ನಿಂತು ಹೋತ್ರಿ, ಚಟ್ನಿ ಅರ್ಧಕ್ಕ ನಿಂತದ!" ಅವರು ಗುಡಿಗೆ ಹೋಗುವ ಹೊತ್ತು ನೋಡಿ ಈಗ ಕೆಲಸ ಮಾಡುತ್ತೇನೆ.

ಒಂದು ದಿನ ಅವಸರದಲ್ಲಿ ಕವಚ ಹಿಡಿಯದೆ ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿದೆ. ಆಗ ಏನೂ ಅನ್ನಿಸಲಿಲ್ಲ. ಕತ್ತಲಾಗುತ್ತಲೇ ಕಣ್ಣಲ್ಲಿ ಮರಳು ಸುರಿದಂತಾಯಿತು, ನೀರು ನಿಲ್ಲಲೊಲ್ಲದು. ಡಾಕ್ಟರು ಹನಿ ಹಾಕಿ, ಕಣ್ಣಿಗೆ ಪಟ್ಟಿ ಕಟ್ಟಿ ಮನೆಗೆ ಕಳಿಸಿದರು. ಮರುದಿನವಿಡೀ ಹಾಗೇ ಬಿದ್ದಿದ್ದೆ. ಅಡುಗೆಮನೆಯಲ್ಲಿ ಪಾತ್ರೆ ಸದ್ದಾಯಿತು. "ಶಾಮಲಾ, ನೀರು ಕೊಡು" ಎಂದೆ. ಸದ್ದು ನಿಂತಿತು. "ನಾನ್ರಿ, ಗಂಜಿ ತಂದೀನಿ," ಎಂದರು ಗೌರಾಬಾಯಿ. ಮೊದಲು ನೀರಿನ ಲೋಟ ಕೈಗಿಟ್ಟರು, ಆಮೇಲೆ ಗಂಜಿ.

ಈಗ ಕಣ್ಣು ನೆಟ್ಟಗಿದೆ. ಕಾಳಜಿ ಬೇಡ.

ದೊಡ್ಡ ಸುದ್ದಿಯೆಂದರೆ, ಅಂಗಳದಲ್ಲಿ ಜೋಕಾಲಿ ಮಾಡಿದೆ. ಪೈಪಿನ ಕಾಲು, ಮೇಲೆ ಅಡ್ಡ ಪೈಪು, ಕೂರಲು ಹಳೆಯ ಬಾಗಿಲಿನ ಹಲಗೆ, ಇಬ್ಬರು ಆರಾಮ ಕೂರಬಹುದು. ಆಫೀಸಿನಲ್ಲಿ ಕಾಲುವೆಗಳ ನಕ್ಷೆ ಬರೆಯುವ ಕೈ ತಾನೇ, ಕಾಗದದ ಮೇಲೆ ಬಹಳ ಚೆಂದ ಬಂದಿತ್ತು. ಬೆಸುಗೆಯೂ ನೋಡಲು ಇರುವೆ ಸಾಲಿನಂತೆ ಒತ್ತಾಗಿತ್ತು. ನಾನೇ ಮೊದಲು ಕೂತೆ. ಒಂದು ಸಲ ಜೀಕಿದೆನೋ ಇಲ್ಲವೋ, ಒಂದು ಬದಿಯ ಕಾಲು ಕಳಚಿ ಹಲಗೆಯ ಸಮೇತ ನೆಲಕ್ಕೆ ಬಿದ್ದೆ. ಪೆಟ್ಟೇನೂ ಆಗಲಿಲ್ಲ. ಆದರೆ ಬಿದ್ದವನೇ ಬಾಗಿಲ ಕಡೆ ತಿರುಗಿ ನೋಡಿದೆ, ನೀನು ಸೆರಗು ಬಾಯಿಗಿಟ್ಟು ನಗುತ್ತ ನಿಂತಿರುತ್ತೀಯೆಂದು. ಬಾಗಿಲು ಅರ್ಧ ತೆರೆದಿತ್ತು. ಹಾಗೇ ನೆಲದ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ, ಏಳಬೇಕೆನ್ನಿಸಲಿಲ್ಲ.

ಸಿದ್ದಲಿಂಗಪ್ಪ ಬಂದು ಮುರಿದ ಜಾಗವನ್ನು ಬೆರಳಿಂದ ತಡವಿದ. "ಮ್ಯಾಲೆ ಭಾಳ ಚಂದ ಕಾಣಸ್ತದರಿ. ಒಳಗ ಕೂಡೇ ಇಲ್ಲ."

"ಈಗೇನು ಮಾಡೋದು?"

"ಅಷ್ಟೂ ಉಜ್ಜಿ ತಗೀಬೇಕ್ರಿ. ಮ್ಯಾಲೆ ಮ್ಯಾಲೆ ಮತ್ತೊಂದು ಪದರ ಬಳದ್ರ ನಡಿಯಂಗಿಲ್ಲ."

ಅರದಿಂದ ಉಜ್ಜಿ ಉಜ್ಜಿ ಅಂಗೈಯಲ್ಲಿ ಬೊಬ್ಬೆ ಎದ್ದವು. ಮತ್ತೆ ನಿಧಾನವಾಗಿ, ಕಬ್ಬಿಣ ಕರಗುವುದನ್ನು ಕಾದು ನೋಡಿ ಬೆಸೆದೆ. ಸಿಮೆಂಟಿನ ಚೀಲ ಹೇರಿ ತೂಗಿದೆ. ನಿಂತಿತು. ಕಳೆದ ವಾರದಿಂದ ಗೌರಾಬಾಯಿ ಮತ್ತು ಅವರ ತಂಗಿ ಸಂಜೆ ಬಂದು ಕೂರುತ್ತಾರೆ. ಜೀಕುತ್ತ ಶೇಂಗಾ ಸುಲಿಯುತ್ತ ಏನೇನೋ ಹೇಳಿಕೊಂಡು ನಗುತ್ತಾರೆ. ನಾನು ಮೆಟ್ಟಿಲ ಮೇಲೆ ಕೂತು ಕೇಳುತ್ತೇನೆ. "ಶಾಮಲಾಬಾಯಿ ಯಾವಾಗ ಬರ್ತಾರ್ರಿ? ಎರಡು ವರ್ಷ ಆತು," ಎಂದು ನಿನ್ನೆಯೂ ಕೇಳಿದರು. "ವರ್ಗಾವಣೆಗೆ ಅರ್ಜಿ ಹಾಕ್ಯಾಳ್ರಿ, ಇನ್ನೂ ಆರ್ಡರ್ ಬಂದಿಲ್ಲ," ಎಂದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕೆಮ್ಮು ಕಡಿಮೆಯಾಯಿತೇ? ಜೊತೆಯ ಕೋಣೆಯ ಟೀಚರಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನೀನಿರುವಲ್ಲಿ ನಿನ್ನ ಮನಸ್ಸು ತಂಪಾಗಿರಲಿ, ಆರೋಗ್ಯ ಗಟ್ಟಿಯಾಗಿರಲಿ.

ನಿನ್ನ,
ಪ್ರಲ್ಹಾದ

ತಾ.ಕ.: ಇಲ್ಲಿ ನಿನ್ನ ಹಳೆಯ ಬ್ರಾಂಚಿನಲ್ಲಿದ್ದ ಸುಲಭಾ ಮೇ ತಿಂಗಳಲ್ಲಿ ಬಸ್ಸಿನಲ್ಲಿ ಸಿಕ್ಕಿದ್ದರು. "ಪುಣೆಗೆ ಆರ್ಡರ್ ಬಂದಿತ್ತಲ್ರಿ, ಶಾಮಲಾನೇ ಒಲ್ಲೆ ಅಂತ ಬರದು ಕೊಟ್ಟಾಳಂತ. ಯಾಕ್ರಿ?" ಎಂದರು. ನನಗೆ ಮೊದಲೇ ಗೊತ್ತಿದ್ದವನಂತೆ "ಅಲ್ಲೇ ಛಲೋ ಅದರಿ ಆಕಿಗೆ," ಎಂದೆ. ಎರಡು ಸ್ಟಾಪು ಮೊದಲೇ ಇಳಿದು ನಡೆದುಕೊಂಡು ಬಂದೆ. ಅಂದಿನಿಂದ ನಿನ್ನ ಒಂದೊಂದು ಪತ್ರ ಬಂದಾಗಲೂ, ಇದರಲ್ಲಿ ಬರೆದಿರುತ್ತಾಳೆ ಎಂದುಕೊಂಡೇ ಒಡೆಯುತ್ತೇನೆ. ಬಾ ಎಂದು ನಾನು ಹಟ ಹಿಡಿಯುವುದಿಲ್ಲ. ಗೌರಾಬಾಯಿ ನಾಳೆ ಮತ್ತೆ ಕೇಳುತ್ತಾರೆ. ಅವರಿಗೆ ಏನು ಹೇಳಲಿ ಎಂಬುದನ್ನಾದರೂ ನೀನೇ ಬರೆ.