ಸಕ್ಕರೆ ಅಕ್ಕನಿಗೆ, ಮೊಣಕಾಲು ತಮ್ಮನಿಗೆ

ಜನವರಿ 8, 2025. ಮಕ್ತಲ್, ಬೆಳಿಗ್ಗೆ

ಖಾಲಿ ಹೊಟ್ಟೆಯಲ್ಲಿ ಶುಗರ್ 164. ಪರವಾಗಿಲ್ಲ. ಮಾತ್ರೆ, ರೊಟ್ಟಿ, ಆಫೀಸು. ಹೊಸದೊಂದು — ಎದ್ದಾಗ ಬೆರಳು ಮಡಚಲು ಬರಲಿಲ್ಲ. ಕುಕ್ಕರಿನ ಮುಚ್ಚಳದ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ, ಯಾರದೋ ಅಡುಗೆಮನೆಗೆ ಬಂದವಳಂತೆ.

ಜನವರಿ 20

ನಾರಾಯಣಪೇಟೆಗೆ ಹೋಗಿ ಬಂದೆ. ಮನೆಯಲ್ಲಿ ಯಾರಿಗೇನಿದೆ ಎಂದು ಡಾಕ್ಟರು ಕೇಳಿದರು. ಅಪ್ಪನಿಗೆ ಶುಗರ್ ಇತ್ತು, ಅವ್ವನಿಗೆ ಕೀಲುನೋವು. ಶುಗರ್ ನನಗೆ ಬಂತು. ಕೀಲುನೋವು ಗದ್ವಾಲದಲ್ಲಿ ಸೀರೆ ನೇಯುವ ತಮ್ಮ ಅಂಜಯ್ಯನಿಗೆ.

"ಹಂಗ ಹಂಚಿಕೊಂಡು ಬರೂದಿಲ್ಲರೀ ಇವು."

ಕೆಲವು ಮನೆತನಗಳಲ್ಲಿ ಎರಡೂ ಒಂದೇ ಜೀನ್‌ಗಳ ಜೊತೆ ಇಳಿದು ಬರಬಹುದಂತೆ. "ನಿಮ್ಮ ಬೆರಳಿಗೆ ಆಮ್ಯಾಲ ಬರೋಣು. ಮೊದಲು ತಮ್ಮನ ಶುಗರ್ ನೋಡಸ್ರಿ."

ಅದೇ ದಿನ, ಸಂಜೆ

ಫೋನ್ ಮಾಡಿದೆ. ಮಗ್ಗದ ಮೇಲೇ ಇದ್ದ. ಶುಗರ್ ನೋಡಿಸಿಕೋ ಎಂದೆ.

"ಅಕ್ಕಾ, ಸಕ್ಕರಿ ನಿನ್ನ ಪಾಲು, ಮೊಣಕಾಲು ನನ್ನ ಪಾಲು. ಅವ್ವ ಇದ್ದಾಗನ ಪಾಲು-ವಾಟ್ನಿ ಆಗೇತಿ. ಈಗ ನನ್ನ ಪಾಲಿಗೂ ಕೈ ಹಾಕಾಕ ಬಂದೀಯೇನು?"

ನಕ್ಕೆ. ಇನ್ನೊಮ್ಮೆ ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಒತ್ತಾಯ ಮಾಡುವುದು ನನ್ನ ಸ್ವಭಾವವಲ್ಲ... ಹೀಗೆ ಬರೆದರೆ ಚೆನ್ನಾಗಿ ಕಾಣುತ್ತದೆ.

ಏಪ್ರಿಲ್ 14, ಗದ್ವಾಲ

ಅಂಜಯ್ಯನ ಹೆಂಡತಿ ಸುಗುಣಮ್ಮ ಕರೆಸಿದಳು. ಅವನ ಎಡಗಣ್ಣಿನೊಳಗೆ ರಕ್ತ ಸೋರಿ ಕತ್ತಲಾಗಿದೆ. ಶುಗರ್ 412. ವರ್ಷಗಳಿಂದ ಇದ್ದಿರಬೇಕು ಎಂದರು ಕಣ್ಣಿನ ಡಾಕ್ಟರು. ಮೂರು ತಿಂಗಳು ಮೊದಲು ಬಂದಿದ್ದರೆ — ಎಂದು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು. ಬಲಗಣ್ಣಿಗೆ ಲೇಸರ್. ಉಳಿದರೆ ಉಳಿಯಿತು.

"ದಸರಾದಿಂದ ಎಳಿ ಹುಡುಕಿ ಕೈಯಾಗ ಕೊಡಾಕಿ ನಾನ ಅಕ್ಕಾರ. ಅಂಚಿನ ರೇಷ್ಮಿ ಅವರಿಗೆ ಕಾಣ್ತಿದ್ದಿಲ್ಲ. ಅಕ್ಕಗ ಹೇಳಬ್ಯಾಡ, ಸುಮ್ನ ಚಿಂತಿ ಮಾಡ್ತಾಳ ಅಂದಿದ್ರು," ಎಂದಳು ಸುಗುಣಮ್ಮ.

ಏಪ್ರಿಲ್ 15

ಏನೂ ಇಲ್ಲ.

ಮೇ 26, ಗದ್ವಾಲ

ಬಲಗಣ್ಣೂ ಮಂಜು. ಮಗ್ಗದಲ್ಲಿ ಅರ್ಧಕ್ಕೆ ನಿಂತ ಸೀರೆ ಮುಗಿಸಲು ಪಕ್ಕದ ಓಣಿಯ ಯಂಕಣ್ಣ ಬಂದಿದ್ದ. ಅಂಜಯ್ಯ ಹೊರಸಿನ ಮೇಲೆ ಕೂತು ಸದ್ದು ಕೇಳುತ್ತಿದ್ದ.

"ಸಾವಕಾಶ ಹೊಡಿಯೋ ಯಂಕಣ್ಣ. ಹೆಣ್ಣು ನೋಡಾಕ ಹೊಂಟೀಯೇನು?"

"ನಿನ್ನಷ್ಟು ಚಂದಿದ್ರ ಹೋಗ್ತಿದ್ದೆ ಮಾವ."

ಇಬ್ಬರೂ ನಕ್ಕರು. ಆಮೇಲೆ ಅಂಜಯ್ಯ ನನ್ನ ಕಡೆ ತಿರುಗಿದ — ನನ್ನ ಕಡೆಯಲ್ಲ, ಸ್ವಲ್ಪ ಬಲಕ್ಕೆ.

"ಅವತ್ತು ಫೋನಿನಾಗ ಇನ್ನೊಂದು ಸಲ ಅಂದಿದ್ರ ದವಾಖಾನಿಗೆ ಹೋಗ್ತಿದ್ನೇನೋ ಅಕ್ಕಾ." ತಡೆದು, "ಇಲ್ಲ ಬಿಡು. ನಾ ಎಲ್ಲಿ ಹೋಗ್ತಿದ್ದೆ."

ಹೋಗುತ್ತಿದ್ದ. ಚಿಕ್ಕಂದಿನಿಂದ, ನಾನು ಎರಡನೇ ಸಲ ಹೇಳಿದ್ದನ್ನು ಅವನು ಒಮ್ಮೆಯೂ ಮೀರಿದವನಲ್ಲ.